ನಡುಗಡಲಿನ ಗೆರೆ ಕಾಯುವ ಕೆಲಸ

ಸಮುದ್ರ ಕಾಯುವುದು ಅಂದ ಕೂಡಲೇ ಹಡಗಿನ ಮೇಲೆ ಬೈನಾಕ್ಯುಲರ್ ಹಿಡಿದು ನಿಂತವರ ಚಿತ್ರ ಎಲ್ಲರ ಮನಸ್ಸಿಗೂ ಬರುತ್ತದೆ. ನನ್ನ ಕೆಲಸದ ಮುಕ್ಕಾಲು ಪಾಲು ನಡೆಯುವುದು ಕಂಪ್ಯೂಟರ್ ಮುಂದೆ. ಉಳಿದದ್ದರಲ್ಲಿ ಹೆಚ್ಚಿನದು ಬಂದರಿನಲ್ಲಿ, ಬೋಟು ನಡೆಸುವ ತಂಡೇಲರ ಜೊತೆ ಮಾತಾಡುತ್ತಾ ಕಳೆಯುತ್ತದೆ. ನಾನು ನೋಡಿಕೊಳ್ಳುವ ಮೀಸಲು ಪ್ರದೇಶ ದಡದಿಂದ ಕಾಣುವುದಿಲ್ಲ. ಬೇಲಿ ಇಲ್ಲ, ಬೋರ್ಡು ಇಲ್ಲ. ನಕಾಶೆಯಲ್ಲಿ ನಾಲ್ಕು ಬಿಂದು, ಅವನ್ನು ಸೇರಿಸುವ ಗೆರೆ, ಅಷ್ಟೇ. ಗೆರೆಯೊಳಗೆ ತಳಕ್ಕೆ ತಾಗುವ ಬಲೆ, ಅಂದರೆ ಟ್ರಾಲ್, ಎಳೆಯುವಂತಿಲ್ಲ.

ಈ ಗೆರೆಯ ಬಗ್ಗೆಯೇ ಮೊದಲು ಹೇಳಬೇಕು. ಗೆರೆ ಸರಿಯಿಲ್ಲದಿದ್ದರೆ ಮುಂದಿನ ಕೆಲಸವೆಲ್ಲ ನೀರಮೇಲಿನ ಹೋಮ. ಗಡಿ ಗುರುತಿಸುವ ಸಭೆಯಲ್ಲಿ ಕೂತ ವಿಜ್ಞಾನಿಗಳಿಗೆ ಒಂದು ಚಪಲ ಇರುತ್ತದೆ. ಕಡಲತಳದ ದಿಬ್ಬ ಹೇಗೆ ಬಾಗಿದೆಯೋ ಗಡಿಯೂ ಹಾಗೇ ಬಾಗಲಿ ಎನ್ನುತ್ತಾರೆ. ನೋಡಲು ಚಂದ. ಆದರೆ ರಾತ್ರಿ ಎರಡು ಗಂಟೆಗೆ, ನಿದ್ದೆಗಣ್ಣಲ್ಲಿ ಪ್ಲಾಟರ್ (ಬೋಟಿನ ಜಾಗ, ಜಾಡು ತೋರಿಸುವ ನಕಾಶೆಯ ಪರದೆ) ನೋಡುತ್ತಾ ಬೋಟು ನಡೆಸುವವನಿಗೆ ಐವತ್ತು ತಿರುವಿನ ಗಡಿ ಯಾವ ಉಪಯೋಗಕ್ಕೂ ಬಾರದು. ನಾಳೆ ಪ್ರಕರಣ ನ್ಯಾಯಾಲಯಕ್ಕೆ ಹೋದರೆ ಅವನ ವಕೀಲನಿಗೆ ಆ ಐವತ್ತು ತಿರುವೂ ವರದಾನ. ನಾವು ಜಗಳಾಡಿ ನೇರ ಗೆರೆಗಳನ್ನೇ ಉಳಿಸಿಕೊಂಡೆವು. ಅಕ್ಷಾಂಶ ರೇಖಾಂಶಗಳನ್ನೂ ಬಾಯಲ್ಲಿ ಹೇಳುವಂತೆ ಪೂರ್ಣ ನಿಮಿಷಗಳಿಗೇ ಕೂರಿಸಿದೆವು.

ಇನ್ನೊಂದು ಜಗಳ ಗೆರೆ ದಿಬ್ಬದಿಂದ ಎಷ್ಟು ದೂರ ಇರಬೇಕು ಎಂಬುದರ ಮೇಲೆ. ಉಪಗ್ರಹಕ್ಕೆ ಕಾಣುವುದು ಬೋಟು, ಬಲೆಯಲ್ಲ. ಟ್ರಾಲ್ ಬೋಟಿನವರು 100 ಮೀಟರ್ ಆಳದಲ್ಲಿ ಬಲೆ ಬಿಟ್ಟರೆ ಸುಮಾರು 300 ಮೀಟರ್ ಉಕ್ಕಿನ ರೋಪು ಬಿಡುತ್ತಾರೆ. ಆಳ ಹೆಚ್ಚಿದಂತೆ ಈ ಅನುಪಾತ ಇಳಿಯುತ್ತದೆ. ಆದರೂ 500 ಮೀಟರ್ ಆಳದಲ್ಲಿ ಬಲೆ ಬೋಟಿಗಿಂತ ಸುಮಾರು ಒಂದು ಕಿಲೋಮೀಟರ್ ಹಿಂದೆ ಬರುತ್ತಿರುತ್ತದೆ. ಅಂದರೆ ಬೋಟು ಗೆರೆಯ ಹೊರಗೆ ಸಾಚಾ ಆಗಿ ಸಾಗುತ್ತಿರುವಾಗಲೇ ಬಲೆ ದಿಬ್ಬದ ಅಂಚಿನ ಹವಳ ಸವರಿಕೊಂಡು ಹೋಗಬಹುದು. ಹಾಗಾಗಿ ದಿಬ್ಬದ ಅಂಚಿನಿಂದ ಆಳದ ಎರಡು ಮೂರು ಪಟ್ಟು ಜಾಗ ಬಿಟ್ಟೇ ಗೆರೆ ಎಳೆಯಬೇಕು. ‘ಖಾಲಿ ಮರಳನ್ನೂ ಮುಚ್ಚುತ್ತೀರಲ್ಲ’ ಎಂಬ ಆಕ್ಷೇಪ ಬಂದೇ ಬರುತ್ತದೆ. ಆಗ ನಾನು ಭಾಷಣ ಮಾಡುವುದಿಲ್ಲ, ಕಾಗದದ ಮೇಲೆ ಬೋಟು, ರೋಪು, ಬಲೆ ಬರೆದು ತೋರಿಸುತ್ತೇನೆ. ಟ್ರಾಲ್ ಎಳೆದು ಗೊತ್ತಿರುವವರು ಅಲ್ಲಿಗೇ ಒಪ್ಪುತ್ತಾರೆ.

ಕಂಪ್ಯೂಟರ್ ಮುಂದಿನ ಕೆಲಸಕ್ಕೆ ಬರುತ್ತೇನೆ. ಬೋಟುಗಳ ಸುಳಿವು ಮುಖ್ಯವಾಗಿ ಎರಡು ದಾರಿಯಲ್ಲಿ ಸಿಗುತ್ತದೆ. ಒಂದು ಎಐಎಸ್, ಹಡಗು ತಾನು ಯಾರು, ಎಲ್ಲಿದ್ದೇನೆ ಎಂದು ತಾನೇ ಸಾರುವ ಸಂಕೇತ. ಹಡಗುಗಳು ಒಂದಕ್ಕೊಂದು ಡಿಕ್ಕಿಯಾಗದಿರಲಿ ಎಂದು ಮಾಡಿದ ವ್ಯವಸ್ಥೆ ಇದು, ಅದರ ಸಂಕೇತ ಯಾರು ಬೇಕಾದರೂ ಹಿಡಿಯಬಹುದು. ಇನ್ನೊಂದು ವಿಎಂಎಸ್. ಮೀನುಗಾರಿಕೆಯ ಅಧಿಕಾರಿಗಳಿಗೆಂದೇ ಹೋಗುವ ಸಂಕೇತ. ಯುರೋಪಿನ ಪದ್ಧತಿಯಲ್ಲಿ ವಿಎಂಎಸ್ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಬರುತ್ತದೆ. ನಾಲ್ಕು ನಾಟ್ ವೇಗದಲ್ಲಿ ಬಲೆ ಎಳೆಯುವ ಬೋಟು ಎರಡು ಗಂಟೆಯಲ್ಲಿ 8 ನಾಟಿಕಲ್ ಮೈಲಿ, ಅಂದರೆ ಸುಮಾರು 15 ಕಿಲೋಮೀಟರ್ ಸಾಗುತ್ತದೆ. ಐದು ಕಿಲೋಮೀಟರ್ ಅಗಲದ ಮೀಸಲು ಪ್ರದೇಶವಾದರೆ, ಒಂದು ಸಂಕೇತಕ್ಕೂ ಇನ್ನೊಂದಕ್ಕೂ ನಡುವೆ ಈ ಕಡೆಯಿಂದ ಒಳಹೊಕ್ಕು ಆ ಕಡೆಯಿಂದ ಹೊರಬಂದಿರುತ್ತದೆ. ನಮ್ಮ ಪರದೆಯ ಮೇಲೆ ಎರಡೂ ಚುಕ್ಕೆ ಹೊರಗೇ! ಗಡಿಯ ಹತ್ತಿರ ಬಂದ ಬೋಟಿನ ಸಂಕೇತ ಹತ್ತು ನಿಮಿಷಕ್ಕೊಮ್ಮೆ ಬರುವಂತಿರಬೇಕು. ಈ ಷರತ್ತನ್ನು ನಿಯಮದಲ್ಲೇ ಬರೆಸಿಕೊಳ್ಳದಿದ್ದರೆ ಚಿಕ್ಕ ಮೀಸಲು ಪ್ರದೇಶ ಕಾಗದದ ಮೇಲಷ್ಟೇ ಇರುತ್ತದೆ.

ಚುಕ್ಕೆಗಳನ್ನು ಓದುವುದು ನಿಧಾನಕ್ಕೆ ಕೈಗೆ ಹತ್ತುವ ಕಸಬು. ಟ್ರಾಲರ್ ಬಲೆ ಎಳೆಯುವಾಗ ಹೆಚ್ಚಾಗಿ ಎರಡರಿಂದ ಐದು ನಾಟ್ ವೇಗದಲ್ಲಿರುತ್ತದೆ, ಸುಮ್ಮನೆ ದಾರಿ ಸಾಗುವಾಗ ಎಂಟು ಹತ್ತು. ಉದ್ದಗಾಳದ ಬೋಟು, ಅಂದರೆ ಉದ್ದ ದಾರಕ್ಕೆ ಸಾಲಾಗಿ ಗಾಳ ಕಟ್ಟಿ ಮೀನು ಹಿಡಿಯುವ ಬೋಟು, ಆ ದಾರ ಬಿಡುತ್ತಾ ವೇಗವಾಗಿ ಹೋಗಿ, ಕಾದು, ಅದೇ ದಾರಿಯಲ್ಲಿ ಆಮೆನಡಿಗೆಯಲ್ಲಿ ಎತ್ತಿಕೊಂಡು ಬರುತ್ತದೆ. ಈ ಲೆಕ್ಕ ಹಿಡಿದು ಸಾಫ್ಟ್‌ವೇರ್ ಕೆಂಪು ಗುರುತು ಹಾಕುತ್ತದೆ, ಆದರೆ ಅದಕ್ಕೆ ಗಾಳಿ ಗೊತ್ತಿಲ್ಲ. ಎದುರಲೆಗೆ ಸಿಕ್ಕ ಬೋಟು ಬಲೆ ಮಡಚಿಟ್ಟು ಮನೆಗೆ ಹೊರಟಿದ್ದರೂ ನಾಲ್ಕು ನಾಟ್‌ಗೆ ಇಳಿದಿರುತ್ತದೆ. ಹಾಗಾಗಿ ಕೆಂಪು ಗುರುತು ಕಂಡಾಗ ನಾನು ಮೊದಲು ತೆರೆಯುವುದು ಆ ಹೊತ್ತಿನ ಹವಾಮಾನದ ನಕಾಶೆ. ಆಮೇಲೆ ಜಾಡಿನ ಆಕಾರ. ಮನೆಗೆ ಹೊರಟವನು ನೇರ ಹೋಗುತ್ತಾನೆ; ಬಲೆ ಎಳೆಯುವವನು ಒಂದೇ ಆಳದ ಜಾಡು ಹಿಡಿದು ಬಾಗುತ್ತಾನೆ, ಕೊನೆಯಲ್ಲಿ ತಿರುಗಿ ಅದೇ ಪಟ್ಟೆಗೆ ಬರುತ್ತಾನೆ. ಅನುಮಾನ ಉಳಿದರೆ ಅದೇ ಹೊತ್ತಿನಲ್ಲಿ ಪಕ್ಕದಲ್ಲಿ ಸಾಗುತ್ತಿದ್ದ ಸರಕು ಹಡಗಿನ ವೇಗವೂ ತಗ್ಗಿದೆಯೇ ಎಂದು ನೋಡುತ್ತೇನೆ. ಇಷ್ಟಾದ ಮೇಲೂ ಫೋನ್ ಮಾಡಿ ಕೇಳುವುದೇ ನನ್ನ ಪದ್ಧತಿ, ನೋಟಿಸು ಆಮೇಲಿನ ಮಾತು.

ಸಂಕೇತ ಬಂದ್ ಮಾಡಿಕೊಂಡು ಬರುವವರೂ ಇದ್ದಾರೆ. ಬಂದ್ ಮಾಡಿದವರೆಲ್ಲ ಕಳ್ಳರಲ್ಲ. ಒಳ್ಳೆಯ ಮೀನು ಸಿಗುವ ಜಾಗ ಬೇರೆಯವರಿಗೆ ಗೊತ್ತಾಗದಿರಲಿ ಎಂದು ಬಂದ್ ಮಾಡುತ್ತಾರೆ, ಕಡಲ್ಗಳ್ಳರ ಭಯಕ್ಕೂ ಮಾಡುತ್ತಾರೆ. ಅಂಥವರಿಗೆ ರಾಡಾರ್ ಉಪಗ್ರಹ. ಯುರೋಪಿನ ಸೆಂಟಿನೆಲ್-1, 2014ರಿಂದ ಮೋಡವಿರಲಿ ಕತ್ತಲಿರಲಿ ಚಿತ್ರ ತೆಗೆಯುತ್ತಿದೆ, ಉಚಿತವಾಗಿ ಸಿಗುತ್ತದೆ. ಉಕ್ಕಿನ ಹಡಗು ಅದರಲ್ಲಿ ಬೆಳ್ಳಗೆ ಹೊಳೆಯುತ್ತದೆ. ಚಿಕ್ಕ ಮರದ ದೋಣಿ ಬಹುತೇಕ ಕಾಣುವುದೇ ಇಲ್ಲ, ಮತ್ತೆ ಅದೇ ಜಾಗಕ್ಕೆ ಉಪಗ್ರಹ ಬರಲು ದಿನಗಳೇ ಬೇಕು. ದೀಪ ಹಾಕಿ ಬೊಂಡಾಸ (ಸ್ಕ್ವಿಡ್) ಹಿಡಿಯುವವರನ್ನು ರಾತ್ರಿ ಬೆಳಕು ಗುರುತಿಸುವ ಬೇರೆ ಉಪಗ್ರಹ ತೋರಿಸಿಕೊಡುತ್ತದೆ. ತಂತ್ರಜ್ಞಾನದ ಮಾತು ಇಲ್ಲಿಗೆ ಸಾಕು.

ನನಗೆ ನಿಜಕ್ಕೂ ಇಷ್ಟವಾದ ಕೆಲಸ ಕ್ಯಾಮೆರಾ ಇಳಿಸುವುದು. ಬೋಟುಗಳನ್ನು ಹೊರಗಿಟ್ಟದ್ದಾಯಿತು, ಒಳಗೆ ಮೀನು ಹೆಚ್ಚಿತೇ? ಅದನ್ನು ತಿಳಿಯಲು ಬಲೆ ಹಾಕಿ ಎಣಿಸಿದರೆ ಕಾಯುವುದಕ್ಕೆಂದು ಬಂದವರೇ ಹಿಡಿದಂತೆ. ಅದಕ್ಕೆ ಕಬ್ಬಿಣದ ಚೌಕಟ್ಟಿಗೆ ಎರಡು ಕ್ಯಾಮೆರಾ ಕಟ್ಟಿ, ಮುಂದಕ್ಕೆ ಚಾಚಿದ ಕೋಲಿನ ತುದಿಗೆ ಜಾಲರಿ ಡಬ್ಬಿಯಲ್ಲಿ ಜಜ್ಜಿದ ಎಣ್ಣೆಮೀನು ತುಂಬಿ, ತಳಕ್ಕೆ ಇಳಿಸಿ ಒಂದು ಗಂಟೆ ಬಿಡುತ್ತೇವೆ. ಎರಡು ಕ್ಯಾಮೆರಾ ಯಾಕೆಂದರೆ, ನಮ್ಮ ಎರಡು ಕಣ್ಣಿನ ಹಾಗೆ, ದೂರದ ಅಂದಾಜು ಸಿಕ್ಕರೆ ಮೀನಿನ ಉದ್ದ ಅಳೆಯಬಹುದು. ಮೊದಲ ಕೆಲವು ನಿಮಿಷ ಎದ್ದ ಕೆಸರು ಬಿಟ್ಟು ಏನೂ ಇರುವುದಿಲ್ಲ. ಆಮೇಲೆ ಒಂದು ಏಡಿ ಬರುತ್ತದೆ. ಅದು ಡಬ್ಬಿಗೆ ಕೊಂಡಿ ಹಾಕಿ ಎಳೆದಾಡುವುದನ್ನು ನೋಡಿ ಚಿಕ್ಕ ಮೀನು ಸುತ್ತ ಸೇರುತ್ತವೆ. ಇದ್ದಕ್ಕಿದ್ದಂತೆ ಅವೆಲ್ಲ ಚೆಲ್ಲಾಪಿಲ್ಲಿಯಾದರೆ ದೊಡ್ಡದೊಂದು ಬಂತೆಂದೇ ಲೆಕ್ಕ, ಅದು ಚೌಕಟ್ಟಿನೊಳಗೆ ಕಾಣುವ ಮೊದಲೇ ಗೊತ್ತಾಗುತ್ತದೆ.

ಎಣಿಸುವ ಕ್ರಮ ಸರಳ, ಆದರೆ ಅಂಕೆ ತಪ್ಪಿದರೆ ಎಲ್ಲವೂ ಸುಳ್ಳು. ಒಂದೇ ಗುರಕ ಮೀನು ಇಪ್ಪತ್ತು ಸಲ ಬಂದು ಹೋದರೆ ಇಪ್ಪತ್ತು ಎಂದು ಬರೆಯುವಂತಿಲ್ಲ. ಒಂದೇ ಚಿತ್ರದಲ್ಲಿ ಒಟ್ಟಿಗೆ ಕಂಡ ಅತಿ ಹೆಚ್ಚು ಸಂಖ್ಯೆಯನ್ನಷ್ಟೇ ಹಿಡಿಯುತ್ತೇವೆ. ಇದರಿಂದ ಲೆಕ್ಕ ಕಮ್ಮಿ ಬರುತ್ತದೆ, ಬರಲಿ. ಗೆರೆಯ ಹೊರಗೂ ಅಷ್ಟೇ ಆಳದ, ಅಂಥದ್ದೇ ತಳದ ಜಾಗದಲ್ಲಿ ಅದೇ ಋತುವಿನಲ್ಲಿ ಇಳಿಸುತ್ತೇವೆ. ಮುಚ್ಚುವ ಮೊದಲಿನ ಚಿತ್ರವೂ ಇರಬೇಕು. ಇದಕ್ಕೆ ಹಣ ಕೊಡಿಸುವುದೇ ಎಲ್ಲಕ್ಕಿಂತ ಕಷ್ಟ. ಉದ್ಘಾಟನೆಗೆ ಮೊದಲಿನ ಕೆಲಸಕ್ಕೆ ಯಾರಿಗೂ ಉತ್ಸಾಹ ಇರುವುದಿಲ್ಲ.

ಎಣಿಕೆಗಿಂತ ಉದ್ದವೇ ನನಗೆ ಮುಖ್ಯ. ದೊಡ್ಡ ಹೆಣ್ಣುಮೀನು ತೂಕಕ್ಕೆ ತಕ್ಕಷ್ಟಲ್ಲ, ಅದಕ್ಕಿಂತ ಬಹಳ ಹೆಚ್ಚು ಮೊಟ್ಟೆ ಇಡುತ್ತದೆ. ಅಟ್ಲಾಂಟಿಕ್‌ನ 30 ಕಿಲೋ ತೂಕದ ಒಂದು ಕಾಡ್ ಮೀನು ಎರಡೆರಡು ಕಿಲೋದ 28 ಮೀನುಗಳಷ್ಟು ಮೊಟ್ಟೆ ಇಡುತ್ತದೆ ಎಂಬ ಲೆಕ್ಕ 2018ರಲ್ಲಿ ಬಂತು. ಆ 28 ಮೀನಿನ ಒಟ್ಟು ತೂಕ 56 ಕಿಲೋ! ಬಂದರಿನಲ್ಲಿ ಈ ಒಂದು ಸಂಗತಿ ಹೇಳಿದರೆ ಜೀವವೈವಿಧ್ಯದ ಹತ್ತು ಸ್ಲೈಡಿಗಿಂತ ಹೆಚ್ಚು ಕೆಲಸವಾಗುತ್ತದೆ.

ಬಂದರಿನವರ ಪ್ರಶ್ನೆ ಯಾವಾಗಲೂ ಒಂದೇ: ‘ಅದರಿಂದ ನಮಗೇನು?’ ನ್ಯಾಯವಾದ ಪ್ರಶ್ನೆ. ಉತ್ತರ ಯಾವ ಜೀವಿ ಎಂಬುದರ ಮೇಲಿದೆ. ಅಮೆರಿಕದ ಜಾರ್ಜಸ್ ಬ್ಯಾಂಕ್‌ನಲ್ಲಿ 1994ರ ಕೊನೆಗೆ ಸುಮಾರು 17,000 ಚದರ ಕಿಲೋಮೀಟರ್ ಮುಚ್ಚಿದರು. ಉದ್ದೇಶ ಕಾಡ್‌ನಂಥ ಮೀನುಗಳನ್ನು ಉಳಿಸುವುದು. ಆದರೆ ಬೆಳೆದದ್ದು ಸ್ಕ್ಯಾಲಪ್ ಎಂಬ ಚಿಪ್ಪುಜೀವಿ. 1998ರ ಹೊತ್ತಿಗೆ ಮುಚ್ಚಿದ ಜಾಗದಲ್ಲಿ ಅದರ ರಾಶಿ 14 ಪಟ್ಟಾಗಿತ್ತು, ಮರುವರ್ಷ ಮಿತಿ ಹಾಕಿ ಹಿಡಿಯಲೂ ಬಿಟ್ಟರು. ಕಾಡ್‌ಗೆ ಅಂಥ ಭಾಗ್ಯ ಬರಲಿಲ್ಲ. ಸ್ಕ್ಯಾಲಪ್ ಇದ್ದಲ್ಲೇ ಇರುತ್ತದೆ, ಕಾಡ್ ಈಜಿ ಹೊರಗೆ ಹೋಗುತ್ತದೆ.

ಇನ್ನು ಸಾವಿರಾರು ಕಿಲೋಮೀಟರ್ ಅಲೆಯುವ ಟ್ಯೂನಾ. ಹವಾಯಿಯ ಪಾಪಹಾನೌಮೊಕುವಾಕೆಯಾ ಮೀಸಲನ್ನು 2016ರಲ್ಲಿ ಸುಮಾರು 15 ಲಕ್ಷ ಚದರ ಕಿಲೋಮೀಟರಿಗೆ ಹಿಗ್ಗಿಸಿದರು. ಗಡಿಯ ಹತ್ತಿರ ಹಳದಿರೆಕ್ಕೆ ಟ್ಯೂನಾ ಗಾಳಕ್ಕೆ ಸಿಗುವ ಪ್ರಮಾಣ 54 ಶೇಕಡಾ ಏರಿತು ಎಂದು 2022ರ ಅಧ್ಯಯನವೊಂದು ಹೇಳಿತು. ದೊಡ್ಡ ಮೀಸಲಿನಿಂದ ಟ್ಯೂನಾ ಉಳಿಯುತ್ತದೆ ಎಂಬುದನ್ನು ಒಪ್ಪದ ಮೀನುಗಾರಿಕಾ ವಿಜ್ಞಾನಿಗಳೂ ಇದ್ದಾರೆ. ನಾನು ತಂಡೇಲರಿಗೆ ಟ್ಯೂನಾದ ಆಸೆ ತೋರಿಸುವುದಿಲ್ಲ. ಇದ್ದಲ್ಲೇ ಇರುವ, ನಿಧಾನ ಬೆಳೆಯುವ ತಳದ ಮೀನಿನ ಬಗ್ಗೆ ಮಾತ್ರ ಭರವಸೆ ಕೊಡುತ್ತೇನೆ. ಹಾರಿ ಬಂದು ಉದ್ದಗಾಳದ ಎರೆಗೆ ಬಾಯಿ ಹಾಕಿ ಸಾಯುವ ಆಲ್ಬಟ್ರಾಸ್ ಹಕ್ಕಿಗಂತೂ ನಮ್ಮ ಗೆರೆ ಲೆಕ್ಕಕ್ಕೇ ಇಲ್ಲ. ಅದಕ್ಕೆ ಬೇಕಾದ್ದು ದಾರಕ್ಕೆ ಭಾರ ಕಟ್ಟುವುದು, ರಾತ್ರಿ ಹೊತ್ತೇ ಬಿಡುವುದು, ಹಿಂದೆ ಬಣ್ಣದ ಪಟ್ಟಿ ತೂಗುವ ಹಗ್ಗ ಕಟ್ಟುವುದು. ಮೂರೂ ಬೋಟಿನ ಮೇಲಿನ ಕೆಲಸ, ನಕಾಶೆಯ ಮೇಲಿನದಲ್ಲ.

ನಿಜ ಹೇಳಬೇಕೆಂದರೆ, ನಮ್ಮ ಗೆರೆಯನ್ನು ಈಗ ಹೆಚ್ಚಾಗಿ ಕಾಯುತ್ತಿರುವವರು ಅದರ ಅಂಚಿನಲ್ಲಿ ಬೋನು, ಗಾಳ ಹಾಕುವ ಚಿಕ್ಕ ಬೋಟಿನವರು. ಟ್ರಾಲರ್ ಒಳಗೆ ನುಗ್ಗಿದರೆ ಅವರ ಬೋನುಗಳೇ ಕಿತ್ತುಹೋಗುತ್ತವೆ. ಗಡಿ ನಿಗದಿಯಾಗುವ ಮೊದಲು ಅವರ ಪ್ಲಾಟರ್‌ನ ಹಳೆಯ ಜಾಡುಗಳನ್ನು ಕೇಳಿ ಪಡೆದಿದ್ದೆ. ಅದು ಸುಲಭದ ಮಾತಲ್ಲ. ಪ್ಲಾಟರ್ ಕೊಡುವುದೆಂದರೆ ಅಪ್ಪ ಮಗನಿಗೆ ಮಾತ್ರ ಹೇಳಿಕೊಟ್ಟ ಜಾಗಗಳನ್ನು ಕೊಡುವುದು. ಒಬ್ಬರು ಹಿರಿಯ ತಂಡೇಲರು ಪರದೆಯ ಮೇಲೆ ಬೆರಳಿಟ್ಟು, ‘ಇಲ್ಲಿ ಬಲೆ ಹರಿಯುತ್ತೆ, ನಾವ್ಯಾರೂ ಬರಲ್ಲ, ಇದನ್ನ ಮುಚ್ಚಿದ್ರೆ ನಿಮಗೂ ಖುಷಿ ನಮಗೂ ಖುಷಿ. ಆದ್ರೆ ಮರಿಗಳು ಇರೋದು ಈ ಪಕ್ಕದ ಮರಳಲ್ಲಿ’ ಎಂದರು. ಯಾರೂ ಮೀನು ಹಿಡಿಯದ ಜಾಗವನ್ನೇ ಆರಿಸಿ ದೊಡ್ಡ ಮೀಸಲು ಎಂದು ಘೋಷಿಸುವ ಚಾಳಿ ಜಗತ್ತಿನ ಎಲ್ಲೆಡೆ ಇದೆ. ಆ ಮರಳಿನ ಪಟ್ಟೆ ನಮ್ಮ ಗಡಿಯೊಳಗೆ ಬಂದದ್ದು ಅವರ ಆ ಮಾತಿನಿಂದ.

ಹಣದ ಮಾತು ಮರೆತರೆ ಎಂಥ ಮೀಸಲೂ ನಿಲ್ಲುವುದಿಲ್ಲ. ಪೆಸಿಫಿಕ್‌ನ ಕಿರಿಬಾಟಿ ದೇಶ ತನ್ನ ಫೀನಿಕ್ಸ್ ದ್ವೀಪಗಳ ಸುತ್ತಲ ಕಡಲನ್ನು 2015ರ ಜನವರಿ 1ರಿಂದ ವಾಣಿಜ್ಯ ಮೀನುಗಾರಿಕೆಗೆ ಪೂರ್ತಿ ಮುಚ್ಚಿತು. ಅದೇ ವರ್ಷ ಒಳನುಗ್ಗಿದ ಹಡಗೊಂದನ್ನು ಎಐಎಸ್ ಜಾಡಿನ ಆಧಾರದ ಮೇಲೆ ಹಿಡಿದು ದಂಡ ಹಾಕಿತು. ನಮ್ಮ ಕಸಬಿನವರೆಲ್ಲ ಉದಾಹರಣೆ ಕೊಡುವ ಪ್ರಕರಣ ಅದು. ಆದರೆ ಆ ದೇಶದ ಬೊಕ್ಕಸ ನಡೆಯುವುದೇ ಬಹುಪಾಲು ಟ್ಯೂನಾ ಪರವಾನಗಿ ಶುಲ್ಕದಿಂದ. 2021ರಲ್ಲಿ ಸರ್ಕಾರ ಅದನ್ನು ಮತ್ತೆ ತೆರೆಯುವುದಾಗಿ ಹೇಳಿತು. ನಾನು ಅವರನ್ನು ದೂರುವುದಿಲ್ಲ.

ಈಗ ನಮ್ಮಲ್ಲಿ ತಲೆನೋವಾಗಿರುವುದು ಗೆರೆಯ ಒಳಗಿನ ಸಂಗತಿಯಲ್ಲ. ಒಳಗಿಂದ ಹೊರಟ ಟ್ರಾಲರ್‌ಗಳು ಕಸಬು ಬಿಡಲಿಲ್ಲ, ದಕ್ಷಿಣಕ್ಕಿರುವ ಇನ್ನೊಂದು ದಿಬ್ಬಕ್ಕೆ ಹೋದವು. ಪರದೆಯ ಮೇಲೆ ಅಲ್ಲಿನ ಚುಕ್ಕೆಗಳು ದಟ್ಟವಾಗಿವೆ. ಅದನ್ನೂ ಮುಚ್ಚಿಬಿಡಿ ಎಂದು ಕೆಲವರು, ಅಷ್ಟು ಮುಚ್ಚುವುದಾದರೆ ಒಟ್ಟು ಬೋಟು ಕಡಿಮೆ ಮಾಡಿ ಎಂದು ಚಿಕ್ಕ ಬೋಟಿನವರು. ನನ್ನ ಮನಸ್ಸು ಎರಡನೆಯವರ ಕಡೆಗೇ ವಾಲುತ್ತದೆ. ಹಿಡಿಯುವ ಒಟ್ಟು ಪ್ರಮಾಣಕ್ಕೆ ಮಿತಿ ಇಲ್ಲದೆ ಗೆರೆ ಎಳೆಯುತ್ತಾ ಹೋದರೆ ಮೀನುಗಾರಿಕೆ ಜಾಗ ಬದಲಿಸುತ್ತದೆ, ಕಮ್ಮಿಯಾಗುವುದಿಲ್ಲ. ತೀರ್ಮಾನ ನನ್ನ ಕೈಯಲ್ಲಿಲ್ಲ. ಅದಾಗುವ ಮೊದಲು ಆ ದಿಬ್ಬದಲ್ಲಿ ಏನಿದೆ ಎಂಬ ಚಿತ್ರವಾದರೂ ಕೈಯಲ್ಲಿರಲಿ ಎಂದು ಹಳೆಯ ಚೌಕಟ್ಟುಗಳಿಗೆ ಹೊಸ ಬ್ಯಾಟರಿ ಕೂರಿಸಿ ಇಟ್ಟಿದ್ದೇವೆ. ಗಾಳಿ ತಗ್ಗಿದ ಕೂಡಲೇ ಹೊರಡುವುದು.