ವೆನಿಲ್ಲಾ ಬೆಳೆಗಾರರಿಗೆ ಫೋನ್ ಮೂಲಕ ಸಲಹೆ ನೀಡುವ ಬಗೆ

ವೆನಿಲ್ಲಾ ಹೂವು ಬೆಳಗ್ಗೆ ಅರಳಿ ಅದೇ ದಿನ ಬಾಡುತ್ತದೆ. ಕೈಯಿಂದ ಪರಾಗಸ್ಪರ್ಶ ಮಾಡಲು ಸಿಗುವುದು ಕೆಲವೇ ಗಂಟೆ. ಆದ್ದರಿಂದ ಹೂ ಬಿಡುವ ಕಾಲದಲ್ಲಿ ನೆನಪಿಸುವ ಸಂದೇಶ ಹಿಂದಿನ ಸಂಜೆಯೇ ತಲುಪಲಿ.

20–30 ಬೆಳೆಗಾರರಿಗೆ ಒಂದು ವಾಟ್ಸಾಪ್ ಗುಂಪು ಸಾಕು. ಸಲಹೆಯನ್ನು ಒಂದು ನಿಮಿಷದೊಳಗಿನ ಧ್ವನಿ ಸಂದೇಶವಾಗಿ ಕೊಡಿ. ತೋಟದಲ್ಲಿ ಓದುತ್ತಾ ನಿಲ್ಲಲು ಯಾರಿಗೂ ಪುರುಸೊತ್ತಿರುವುದಿಲ್ಲ. ಸಾದಾ ಫೋನ್ ಇರುವವರಿಗೆ ಎಸ್ಸೆಮ್ಮೆಸ್ ಕಳಿಸಿ.

ಹೆಚ್ಚು ಎಡವಟ್ಟಾಗುವುದು ಫೋಟೊ ನೋಡಿ ರೋಗ ಗುರುತಿಸುವಾಗ. ಒಂದು ಹಳದಿ ಎಲೆಯ ಚಿತ್ರದಿಂದ ಏನೂ ತಿಳಿಯದು. ನಾಲ್ಕು ಚಿತ್ರ ಕೇಳಿ: ಇಡೀ ಬಳ್ಳಿ, ಎಲೆಯ ಹಿಂಭಾಗ, ಹತ್ತಿರದಿಂದ ಕಾಂಡ, ಬುಡದ ಸೊಪ್ಪಿನ ಹೊದಿಕೆ ಸರಿಸಿ ತೆಗೆದ ಬೇರು. ಬೇರು ಕಂದು ಬಣ್ಣಕ್ಕೆ ತಿರುಗಿ ಕೊಳೆತಿದ್ದರೆ ಫ್ಯುಸೇರಿಯಂ ಶಿಲೀಂಧ್ರದ ಶಂಕೆ ಮೊದಲು ಬರಲಿ. ಬೇರು ಬೆಳ್ಳಗೆ ಗಟ್ಟಿಯಾಗಿದ್ದರೆ ಬಿಸಿಲು ಹೆಚ್ಚಾಗಿದೆಯೇ ವಿಚಾರಿಸಿ. ಖಚಿತವಾಗುವುದು ಪ್ರಯೋಗಾಲಯದಲ್ಲೇ, ಅಲ್ಲಿಯವರೆಗೆ ಆ ಬಳ್ಳಿಯ ತುಂಡನ್ನು ನಾಟಿಗೆ ಬಳಸಬೇಡಿ ಎಂದು ತಕ್ಷಣ ಹೇಳಿ.

ಪರಾಗಸ್ಪರ್ಶದ ದಿನಾಂಕವನ್ನು ತೋಟದ ಭಾಗವಾರು ಸ್ಪ್ರೆಡ್‌ಶೀಟಿನಲ್ಲಿ ಬರೆದಿಡಿ. ಕಾಯಿ ಬಲಿಯಲು ಸುಮಾರು 9 ತಿಂಗಳು ಬೇಕು. 8ನೇ ತಿಂಗಳಿಗೆ ಅಲಾರಂ ಇಟ್ಟು, ಅಲ್ಲಿಂದ ಕಾಯಿಯ ತುದಿ ನೋಡಲು ಹೇಳಿ. ದಿನಾಂಕ ನೋಡಿ ಕೀಳಿಸಬೇಡಿ, ತುದಿ ಹಳದಿಗೆ ತಿರುಗಿರಬೇಕು. ಎಳೆಯ ಕಾಯಿಗೆ ಪರಿಮಳ ಕಡಿಮೆ, ತಡವಾದರೆ ಸೀಳುತ್ತದೆ.

ಕೊಯ್ಲಿನ ದಿನಾಂಕವನ್ನಾಗಲಿ ತೋಟದ ಲೊಕೇಶನ್ ಅನ್ನಾಗಲಿ ಗುಂಪಿನಲ್ಲಿ ಹಾಕಿಸಬೇಡಿ. ಕಾಯಿ ಕಳ್ಳತನವಾಗುವ ಬೆಳೆ ಇದು.