ನಾಯಿಯ ರೇಬೀಸ್ ಲಸಿಕೆ: ತಾರೀಖು ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಮರಿ ಮನೆಗೆ ಬಂದ ಹೊಸದರಲ್ಲಿ ಎಲ್ಲರೂ ಚುಚ್ಚುಮದ್ದುಗಳನ್ನು ಒಂದೂ ಬಿಡದೆ ಹಾಕಿಸುತ್ತಾರೆ. ಕೊನೆಯ ಸೂಜಿ ಮುಗಿದ ಮೇಲೆ ಲಸಿಕೆ ಕಾರ್ಡ್ ಯಾವುದೋ ಡ್ರಾಯರ್ ಸೇರುತ್ತದೆ. ಒಂದು ವರ್ಷದ ನಂತರ ಬರುವ ಬೂಸ್ಟರ್, ಅಂದರೆ ರಕ್ಷಣೆ ಉಳಿಸಿಕೊಳ್ಳಲು ಮತ್ತೆ ಹಾಕಿಸುವ ಲಸಿಕೆ, ಅಲ್ಲೇ ಮರೆತುಹೋಗುತ್ತದೆ. ನಾಯಿಯ ಮೇಲೆ ಪ್ರೀತಿ ಕಡಿಮೆಯಾಗಿ ಹೀಗಾಗುವುದಿಲ್ಲ. ‘ಎಲ್ಲಾ ಹಾಕಿಸಿ ಆಯ್ತಲ್ಲ’ ಎಂಬ ನಂಬಿಕೆಯಿಂದ ಆಗುತ್ತದೆ.

ರೇಬೀಸ್ ವಿಷಯದಲ್ಲಿ ಈ ನಂಬಿಕೆ ತುಂಬ ಅಪಾಯಕಾರಿ. ಸೋಂಕಿರುವ ಪ್ರಾಣಿಯ ಜೊಲ್ಲಿನಲ್ಲಿರುವ ವೈರಸ್ ಗಾಯದ ಮೂಲಕ ಒಳಹೊಕ್ಕು, ನರಗಳ ಗುಂಟ ನಿಧಾನವಾಗಿ ಮೆದುಳಿಗೆ ಸಾಗುತ್ತದೆ. ಲಕ್ಷಣ ಕಾಣಿಸಿಕೊಂಡಿತೆಂದರೆ ನಾಯಿಯಾಗಲಿ ಮನುಷ್ಯರಾಗಲಿ ಬದುಕುವುದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ಶೇ 99ರಷ್ಟು ನಾಯಿಗಳಿಂದಲೇ ಬರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮ ನಾಯಿಗೆ ಹಾಕಿಸುವ ಸೂಜಿ ನಿಮ್ಮ ಮನೆಯ ಮಕ್ಕಳನ್ನೂ ಕಾಯುತ್ತದೆ.

ಮೊದಲು ಕಾರ್ಡ್ ತೆಗೆದು ನೋಡಿ

ಕಾರ್ಡ್‌ನಲ್ಲಿ ‘ರೇಬೀಸ್’ ಎಂಬ ಪದವನ್ನೇ ಹುಡುಕಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್ ಇತ್ಯಾದಿ ರೋಗಗಳಿಗೆ ಸೇರಿಸಿ ಕೊಡುವ ಸಂಯುಕ್ತ ಲಸಿಕೆಗಳಿವೆ. ‘ಸೆವೆನ್ ಇನ್ ಒನ್’ ಎಂದರೆ ರೇಬೀಸ್ ಕೂಡ ಅದರಲ್ಲೇ ಬಂತು ಅಂದುಕೊಳ್ಳುವವರು ಬಹಳ. ಸಾಮಾನ್ಯವಾಗಿ ಅದರಲ್ಲಿ ರೇಬೀಸ್ ಇರುವುದಿಲ್ಲ. ಅದಕ್ಕೆ ಪ್ರತ್ಯೇಕ ಸೂಜಿ, ಕಾರ್ಡ್‌ನಲ್ಲಿ ಪ್ರತ್ಯೇಕ ಸಾಲು.

ಆ ಸಾಲಿನಲ್ಲಿ ಎರಡು ತಾರೀಖು ಇರಬೇಕು: ಲಸಿಕೆ ಕೊಟ್ಟ ದಿನ ಮತ್ತು ಮುಂದಿನ ಲಸಿಕೆಯ ದಿನ. ನಮಗೆ ಮುಖ್ಯವಾದದ್ದು ಎರಡನೆಯದು. ಲಸಿಕೆಯ ಹೆಸರು, ಬ್ಯಾಚ್ ನಂಬರ್, ವೈದ್ಯರ ಸಹಿ ಇವೆಯೇ ನೋಡಿ. ಎಷ್ಟೋ ಸಲ ವೈದ್ಯರು ಬಾಟಲಿಯ ಸ್ಟಿಕರನ್ನೇ ಕಿತ್ತು ಅಂಟಿಸುತ್ತಾರೆ, ಅದು ಒಳ್ಳೆಯದು. ಕುತ್ತಿಗೆಯ ಪಟ್ಟಿಗೆ ಹಾಕುವ ಬಿಲ್ಲೆಯೊಂದೇ ದಾಖಲೆಯಾಗಿ ಸಾಲದು.

ಕಾರ್ಡ್ ಕಳೆದಿದೆಯೇ? ಲಸಿಕೆ ಹಾಕಿಸಿದ ಕ್ಲಿನಿಕ್‌ನಲ್ಲಿ ಕೇಳಿ, ದಾಖಲೆ ಸಿಗಬಹುದು. ಎಲ್ಲಿಯೂ ಸಿಗದಿದ್ದರೆ ನಾಯಿಗೆ ಲಸಿಕೆಯೇ ಆಗಿಲ್ಲ ಎಂದುಕೊಂಡು ಹೊಸದಾಗಿ ಹಾಕಿಸಿ. ಆರೋಗ್ಯವಾಗಿರುವ ನಾಯಿಗೆ ಒಂದು ಡೋಸ್ ಜಾಸ್ತಿಯಾದರೆ ತೊಂದರೆಯಿಲ್ಲ.

ಮರಿಗೆ ಯಾವಾಗ?

ಸಾಮಾನ್ಯವಾಗಿ 12 ವಾರ, ಅಂದರೆ ಸುಮಾರು ಮೂರು ತಿಂಗಳು ತುಂಬಿದ ಮೇಲೆ. ಅದಕ್ಕೂ ಮುಂಚೆ ತಾಯಿಯಿಂದ ಬಂದ ಪ್ರತಿಕಾಯಗಳು ಮರಿಯ ರಕ್ತದಲ್ಲಿರುತ್ತವೆ. ಅವು ಲಸಿಕೆ ಸರಿಯಾಗಿ ಕೆಲಸ ಮಾಡಲು ಬಿಡದೇ ಇರಬಹುದು. ರೋಗ ಹೆಚ್ಚಿರುವ ಜಾಗಗಳಲ್ಲಿ ಎರಡರಿಂದ ನಾಲ್ಕು ವಾರದ ನಂತರ ಇನ್ನೊಂದು ಡೋಸ್ ಕೊಡಲು ವೈದ್ಯರು ಹೇಳಬಹುದು. ಬೇಡ ಎನ್ನಬೇಡಿ.

ಸೂಜಿ ಹಾಕಿದ ಮರುದಿನವೇ ರಕ್ಷಣೆ ಬಂದುಬಿಡುವುದಿಲ್ಲ. ಮೊದಲ ಲಸಿಕೆಯ ನಂತರ 28 ದಿನ ಕಾಯುವುದು ರೂಢಿ. ಅಲ್ಲಿಯವರೆಗೆ ಮರಿಯನ್ನು ಗೊತ್ತಿಲ್ಲದ ನಾಯಿಗಳ ಹತ್ತಿರ ಬಿಡಬೇಡಿ.

ಆಮೇಲೆ ಬರುವುದೇ ಎಲ್ಲರೂ ಮರೆಯುವ ಸೂಜಿ. ಲಸಿಕೆ ಯಾವ ಕಂಪನಿಯದ್ದೇ ಇರಲಿ, ಮೊದಲ ಬೂಸ್ಟರ್ ಒಂದು ವರ್ಷಕ್ಕೆ ಬೇಕು. ಅದರ ನಂತರ ಲಸಿಕೆಯ ಲೇಬಲ್ ಮತ್ತು ನೀವಿರುವ ಕಡೆಯ ಕಾನೂನು ನೋಡಿ ವರ್ಷಕ್ಕೊಮ್ಮೆಯೋ ಮೂರು ವರ್ಷಕ್ಕೊಮ್ಮೆಯೋ ಎಂದು ತೀರ್ಮಾನ. ಲೇಬಲ್ ಮೂರು ವರ್ಷ ಎಂದರೂ ಕಾನೂನು ವರ್ಷಕ್ಕೊಮ್ಮೆ ಎಂದರೆ ವರ್ಷಕ್ಕೊಮ್ಮೆಯೇ ಹಾಕಿಸಬೇಕು.

ತಾರೀಖು ನೆನಪಿಡಲು

ಕ್ಲಿನಿಕ್‌ನಿಂದ ಹೊರಗೆ ಬರುವ ಮೊದಲೇ ಫೋನಿನಲ್ಲಿ ಎರಡು ರಿಮೈಂಡರ್ ಹಾಕಿ: ಒಂದು ತಿಂಗಳು ಮುಂಚೆ ಒಂದು, ವಾರದ ಮುಂಚೆ ಇನ್ನೊಂದು. ಕಾರ್ಡ್‌ನ ಫೋಟೊ ತೆಗೆದು ಮನೆಯ ಇನ್ನೊಬ್ಬರಿಗೂ ಕಳಿಸಿ. ಒಬ್ಬರೇ ನೆನಪಿಟ್ಟುಕೊಂಡರೆ ಅವರು ಊರಲ್ಲಿಲ್ಲದ ವರ್ಷ ಸೂಜಿ ತಪ್ಪುತ್ತದೆ. ಬೂಸ್ಟರನ್ನು ಸ್ವಲ್ಪ ಮುಂಚೆ ಹಾಕಿಸಿದರೂ ನಡೆಯುತ್ತದೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸಮಯದಲ್ಲಿ ಎಷ್ಟೋ ಕಡೆ ಲಸಿಕೆ ಶಿಬಿರಗಳು ನಡೆಯುತ್ತವೆ, ಅದನ್ನೂ ಬಳಸಿಕೊಳ್ಳಬಹುದು.

ಲಸಿಕೆಯ ದಿನ

ನಾಯಿ ಚೆನ್ನಾಗಿ ತಿಂದು, ಆಡಿಕೊಂಡು ಇರಬೇಕು. ಜ್ವರ, ವಾಂತಿ, ಭೇದಿ ಇದ್ದರೆ ಮೊದಲೇ ಫೋನ್ ಮಾಡಿ ಹೇಳಿ, ಕೆಲವು ದಿನ ಮುಂದೂಡಬಹುದು. ಹಿಂದೆ ಯಾವುದಾದರೂ ಲಸಿಕೆಯಿಂದ ಅಲರ್ಜಿ ಆಗಿದ್ದರೆ ಅದನ್ನೂ ಮರೆಯದೆ ತಿಳಿಸಿ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇರಬೇಕಾದದ್ದು. ಆದ್ದರಿಂದ ಬಾಟಲಿಯನ್ನು ಎಲ್ಲಿಂದಲೋ ಕೊಂಡು ಮನೆಯಲ್ಲೇ ಚುಚ್ಚುವ ಸಾಹಸ ಖಂಡಿತ ಬೇಡ.

ಸೂಜಿಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಒಂದೆರಡು ದಿನ ನೋವು, ಮಂಕು, ಸಣ್ಣ ಜ್ವರ ಸಹಜ. ಚುಚ್ಚಿದ ಜಾಗದಲ್ಲಿ ಗಂಟು ಕಟ್ಟಿದರೆ ಸಾಮಾನ್ಯವಾಗಿ ತಾನಾಗಿ ಕರಗುತ್ತದೆ. ಮುಖ ಊದಿಕೊಂಡರೆ, ಮೇಲಿಂದ ಮೇಲೆ ವಾಂತಿಯಾದರೆ, ಉಸಿರಾಡಲು ಕಷ್ಟವಾದರೆ ಮಾತ್ರ ತಕ್ಷಣ ವೈದ್ಯರ ಬಳಿಗೆ ಓಡಿ. ಇದು ಅಪರೂಪ.

ತಾರೀಖು ದಾಟಿಹೋಗಿದ್ದರೆ

ಸಂಕೋಚಪಟ್ಟುಕೊಂಡು ಕೂರಬೇಡಿ. ಇವತ್ತೇ ಫೋನ್ ಮಾಡಿ. ಹಿಂದೆ ಲಸಿಕೆ ಪಡೆದಿರುವ ನಾಯಿಗೆ ಸಾಮಾನ್ಯವಾಗಿ ಒಂದು ಬೂಸ್ಟರ್ ಸಾಕಾಗುತ್ತದೆ. ನಾಯಿಯನ್ನು ಬೇರೆ ದೇಶಕ್ಕೆ ಕರೆದೊಯ್ಯುವವರಿಗೆ ಮಾತ್ರ ಒಂದು ದಿನ ದಾಟಿದರೂ ಕಷ್ಟ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಮೊದಲು ಮೈಕ್ರೋಚಿಪ್ (ಗುರುತಿಗಾಗಿ ನಾಯಿಯ ಚರ್ಮದಡಿ ಇಡುವ ಸಣ್ಣ ಚಿಪ್), ಆಮೇಲೆ ಲಸಿಕೆ, ನಂತರ ಕನಿಷ್ಠ 21 ದಿನ ಕಾಯಬೇಕು. ಬೂಸ್ಟರ್ ತಡವಾದರೆ ಅದನ್ನು ಮೊದಲ ಲಸಿಕೆ ಎಂದೇ ಎಣಿಸುತ್ತಾರೆ, ಕಾಯುವುದೂ ಹೊಸದಾಗಿ ಶುರು.

‘ನಮ್ಮ ನಾಯಿ ಹೊರಗೇ ಹೋಗಲ್ಲ, ಅದಕ್ಯಾಕೆ?’ ಎನ್ನುವವರಿದ್ದಾರೆ. ಗೇಟು ಒಂದು ನಿಮಿಷ ತೆರೆದಿದ್ದರೂ ಸಾಕು, ಅಲ್ವಾ? ಬೆಕ್ಕು ಅಂಗಳಕ್ಕೆ ಬರುತ್ತದೆ. ಕೆಲವು ದೇಶಗಳಲ್ಲಿ ಬಾವಲಿಯೂ ರೇಬೀಸ್ ತರುತ್ತದೆ. ವಯಸ್ಸಾದ ನಾಯಿಗೂ ಲಸಿಕೆ ನಿಲ್ಲಿಸುವಂತಿಲ್ಲ.

ಕಚ್ಚಿದಾಗ

ಲಸಿಕೆ ಆಗಿರುವ ನಾಯಿಗೆ ಬೇರೆ ಪ್ರಾಣಿ ಕಚ್ಚಿದರೆ ಗಾಯ ತೊಳೆದು ಅದೇ ದಿನ ವೈದ್ಯರಿಗೆ ತೋರಿಸಿ. ಮುಂದಿನ ಲಸಿಕೆಯ ತಾರೀಖು ಇನ್ನೂ ಬಂದಿಲ್ಲದಿದ್ದರೂ ಇನ್ನೊಂದು ಬೂಸ್ಟರ್ ಕೊಡಬೇಕಾಗಬಹುದು. ನಾಯಿಯೇ ಮನುಷ್ಯರಿಗೆ ಕಚ್ಚಿದರೆ, ಸೋಪು ಹಾಕಿ ಹರಿಯುವ ನೀರಿನಲ್ಲಿ ಗಾಯವನ್ನು 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ‘ನಾಯಿಗೆ ಲಸಿಕೆ ಆಗಿದೆ, ಪರವಾಗಿಲ್ಲ’ ಎಂದು ನೀವೇ ತೀರ್ಮಾನಿಸಬೇಡಿ, ಕಾರ್ಡ್ ಜೊತೆಗೆ ಒಯ್ದು ವೈದ್ಯರಿಗೆ ತೋರಿಸಿ. ನಾಯಿಯನ್ನು 10 ದಿನ ಕಣ್ಣೆದುರೇ ಕಟ್ಟಿ ನೋಡಿಕೊಳ್ಳಬೇಕು. ಆ ದಿನಗಳಲ್ಲಿ ಅದನ್ನು ಬೇರೆಯವರ ಮನೆಗೆ ಕಳಿಸಬೇಡಿ, ನಡವಳಿಕೆ ಸ್ವಲ್ಪ ಬದಲಾದರೂ ಪಶುವೈದ್ಯರಿಗೂ ಕಚ್ಚಿಸಿಕೊಂಡವರಿಗೂ ಕೂಡಲೇ ತಿಳಿಸಿ.