ಬಾಟಲಿ ಖಾಲಿ, ಕತ್ತು ಬಿಗಿ

ಹಾಸನದಲ್ಲಿ ಬಾಯಿ ಕ್ಯಾನ್ಸರ್ ಆಪರೇಷನ್ ಮಾಡುತ್ತೇನೆ. ಬರುವವರಲ್ಲಿ ಜಾಸ್ತಿ ಜನ ಹೊಗೆಸೊಪ್ಪನ್ನು ಕೆನ್ನೆಯಲ್ಲಿ ಇಟ್ಟುಕೊಂಡೇ ವರ್ಷಗಟ್ಟಲೆ ದುಡಿದವರು. ಗಡ್ಡೆ ಜೊತೆ ಕೆನ್ನೆಯೂ ಹೋದರೆ ಎದೆಯ ಮಾಂಸಖಂಡವನ್ನು ಚರ್ಮದ ಸಮೇತ ಎತ್ತಿ, ಅದರ ರಕ್ತನಾಳ ಕತ್ತರಿಸದೆ, ಕತ್ತಿನ ಚರ್ಮದ ಅಡಿಯಿಂದ ಮೇಲೆ ತಂದು ಹೊಲಿಯುತ್ತೇವೆ. ಪಿಎಂಎಂಸಿ ಫ್ಲ್ಯಾಪ್ ಅಂತೀವಿ.

ಸಕಲೇಶಪುರ ಕಡೆಯ ತೋಟದ ಕೆಲಸದ ಅಜ್ಜ ಒಬ್ಬರು. ಸಂಜೆ 5ಕ್ಕೆ ಆಪರೇಷನ್ ಮುಗೀತು, ಒಳಗೆ ಸೇರುವ ರಕ್ತ ಹೊರಗಿನ ಬಾಟಲಿಗೆ ಹರಿಯಲಿ ಅಂತ ಕತ್ತಿನಲ್ಲಿ ಡ್ರೈನ್ ಪೈಪು ಇಟ್ಟಿದ್ದೆವು. ರಾತ್ರಿ 10ಕ್ಕೆ ಸಿಸ್ಟರ್ ಫೋನ್: 'ಸರ್, ಡ್ರೈನ್‌ನಲ್ಲಿ ಏನೂ ಬರ್ತಿಲ್ಲ, ಆದ್ರೆ ಅಜ್ಜ ಮಲಗ್ತಾನೇ ಇಲ್ಲ, ಎದ್ದು ಕೂರ್ತಾರೆ.' ಡ್ರೈನ್ ಖಾಲಿ ಅಂದ ತಕ್ಷಣ ನೆಮ್ಮದಿ ಆಗುತ್ತೆ ಅಲ್ವಾ, ನನಗೂ ಒಂದು ಕ್ಷಣ ಆಯ್ತು. ಹೋಗಿ ನೋಡಿದರೆ ಪೈಪಿನೊಳಗೆ ಕಪ್ಪು ಹೆಪ್ಪು ಕೂತಿದೆ. ಕತ್ತು ಬಿಗಿದು ಮಿರಮಿರ ಮಿಂಚುತ್ತಿದೆ. ಫ್ಲ್ಯಾಪ್ ನೇರಳೆ ಬಣ್ಣಕ್ಕೆ ತಿರುಗಿದೆ, ಸೂಜಿ ಚುಚ್ಚಿದರೆ ಕಪ್ಪು ರಕ್ತ ತಟ್ಟನೆ ಬಂತು. ಒಳಗೆ ನಿಂತ ರಕ್ತ ಫ್ಲ್ಯಾಪಿನ ನಾಳವನ್ನೂ ಅಜ್ಜನ ಉಸಿರನ್ನೂ ಒಟ್ಟಿಗೆ ಅಮುಕುತ್ತಿತ್ತು.

ಡ್ಯೂಟಿ ಡಾಕ್ಟರ್ ಬಿಗಿಯಾಗಿ ಬ್ಯಾಂಡೇಜ್ ಕಟ್ಟೋಕೆ ಹೊರಟಿದ್ದರು. ತಡೆದೆ. ಫ್ಲ್ಯಾಪಿನ ಜೀವ ಇರುವುದೇ ಕತ್ತಿನಲ್ಲಿ ಹಾದು ಬರುವ ಆ ನಾಳದಲ್ಲಿ, ಅದರ ಮೇಲೆ ಪಟ್ಟಿ ಬಿಗಿದರೆ ಮುಗೀತು. ಮಂಚದ ಮೇಲೇ ಕತ್ತಿನ ನಾಲ್ಕು ಹೊಲಿಗೆ ಬಿಚ್ಚಿದೆ. ಲಿವರ್ ತುಂಡಿನಂಥ ಹೆಪ್ಪುಗಳು ಕೈಗೆ ಬಂದವು, ಅಜ್ಜ ಉದ್ದಕ್ಕೆ ಉಸಿರೆಳೆದರು. ನಂತರ ಥಿಯೇಟರ್. ಒಂದು ಸಣ್ಣ ಸಿರೆಗೆ ಕಟ್ಟಿದ ದಾರ ಜಾರಿತ್ತು, ನಾನೇ ಕಟ್ಟಿದ್ದು. ಅದು ಸಾಲದು ಅಂತ ಎದೆಯ ಮಾಂಸದ ಅಂಚಿನಿಂದೆಲ್ಲ ಜಿನುಗು.

ಜಿನುಗಿಗೆ ಕಾರಣ ಬೆಳಿಗ್ಗೆ ಸಿಕ್ಕಿತು. ಅಜ್ಜಿ ಪ್ಲಾಸ್ಟಿಕ್ ಕವರ್ ಬಿಚ್ಚಿದರು, ಗ್ಯಾಸ್ ಮಾತ್ರೆ ನಡುವೆ ಆಸ್ಪಿರಿನ್ ಪಟ್ಟಿ. ಅದು ರಕ್ತ ಸುಲಭವಾಗಿ ಹೆಪ್ಪುಗಟ್ಟೋಕೆ ಬಿಡಲ್ಲ, ನಿಲ್ಲಿಸಿದರೂ ಆ ಪರಿಣಾಮ 7ರಿಂದ 10 ದಿನ ಉಳಿಯುತ್ತೆ. 'ಹಾರ್ಟ್ ತೊಂದರೆ ಇದೆಯಾ?' ಅಂತ ಕೇಳಿದ್ದೆ, ಇಲ್ಲ ಅಂದಿದ್ದರು. ಈಗ ಹಾಗೆ ಕೇಳಲ್ಲ, ಮನೆಯಲ್ಲಿರೋ ಮಾತ್ರೆ ಕವರನ್ನೇ ತನ್ನಿ ಅಂತೀನಿ. ಆಸ್ಪಿರಿನ್ ಸಿಕ್ಕರೂ ಸುಮ್ನೆ ನಿಲ್ಲಿಸಿ ಅನ್ನಲ್ಲ, ಹಾರ್ಟ್ ಡಾಕ್ಟರನ್ನು ಕೇಳುತ್ತೇನೆ. ಹೊಲಿಗೆ ಮುಚ್ಚುವ ಮುಂಚೆ ಬಿಪಿ ಮಾಮೂಲಿಗೆ ತರಿಸಿ, ಅರಿವಳಿಕೆಯವರಿಂದ ಶ್ವಾಸಕೋಶಕ್ಕೆ ಸ್ವಲ್ಪ ಹೊತ್ತು ಒತ್ತಡ ಕೊಡಿಸುತ್ತೇನೆ. ಸಿರೆಗಳು ಉಬ್ಬುತ್ತವೆ, ಸಡಿಲ ಇದ್ದಿದ್ದು ಅಲ್ಲೇ ಸೋರುತ್ತೆ.

ಅಜ್ಜನ ಫ್ಲ್ಯಾಪಿನ ಒಂದು ಅಂಚು ಕಪ್ಪಾಗಿ ಉದುರಿತು, ಉಳಿದಿದ್ದು ಹಿಡಿಯಿತು.